ನಡುವಯಸ್ಸಿನಲ್ಲಿ ಬಿ.ಆರ್ಕ್ ಸೇರಬೇಕೆಂದಿರುವವರಿಗೆ

ಮೂವತ್ತೈದು ದಾಟಿದ ಮೇಲೆ ವಾಸ್ತುಶಿಲ್ಪ ಪದವಿಗೆ ಸೇರಬಹುದೇ ಎಂದು ಗುಂಪಿನಲ್ಲಿ ಹಲವರು ಕೇಳುತ್ತಿರುತ್ತಾರೆ. ಈ ಪದವಿಗೆ ಸೇರಲು ಬರೆಯುವ ನಾಟಾ ಪ್ರವೇಶ ಪರೀಕ್ಷೆಗೆ ಗರಿಷ್ಠ ವಯೋಮಿತಿಯಿಲ್ಲ; ಆದರೆ ಪಿಯುಸಿಯಲ್ಲಿ ಗಣಿತ ಓದಿರಬೇಕು ಅಥವಾ ಗಣಿತವಿರುವ ಮೂರು ವರ್ಷದ ಡಿಪ್ಲೊಮಾ ಆಗಿರಬೇಕಾದ್ದರಿಂದ, ಹಳೆಯ ಅಂಕಪಟ್ಟಿಗಳನ್ನು ಮೊದಲು ಹುಡುಕಿಟ್ಟುಕೊಳ್ಳಿ.

ಇದು 5 ವರ್ಷಗಳ, 10 ಸೆಮಿಸ್ಟರ್‌ಗಳ ಪೂರ್ಣಾವಧಿ ಕೋರ್ಸು; ನೌಕರಿಯ ಜೊತೆಗೆ ಸಂಜೆ ಓದಿ ಮುಗಿಸುವಂಥದ್ದಲ್ಲ. ನಿಜವಾಗಿ ಹೊತ್ತು ನುಂಗುವುದು ಪಾಠಗಳಲ್ಲ, ಡಿಸೈನ್ ಸ್ಟುಡಿಯೋ, ಅಂದರೆ ಕಟ್ಟಡ ವಿನ್ಯಾಸವನ್ನು ಮಾಡಿ ಕಲಿಯುವ ತರಗತಿ. ಪ್ಲಾನು, ಸೆಕ್ಷನ್ನು (ಕಟ್ಟಡವನ್ನು ಸೀಳಿದಂತೆ ತೋರಿಸುವ ನಕ್ಷೆ), ಎಲಿವೇಶನ್ನುಗಳನ್ನು (ಹೊರಮುಖದ ನಕ್ಷೆ) ಸ್ಕೇಲಿಗೆ ತಕ್ಕಂತೆ ಬರೆದು, ಮೌಂಟ್‌ಬೋರ್ಡ್ ಕತ್ತರಿಸಿ ಮಾಡೆಲ್ ಅಂಟಿಸಿ ಜ್ಯೂರಿಯ (ಕೆಲಸವನ್ನು ವಿಮರ್ಶಿಸುವ ಪರೀಕ್ಷಕರ ತಂಡ) ಮುಂದಿಟ್ಟಾಗ, ನಿಮಗಿಂತ ಕಿರಿಯ ಅಧ್ಯಾಪಕರೊಬ್ಬರು ಮೆಟ್ಟಿಲಿನ ಜಾಗವನ್ನೇ ಬದಲಿಸಿ ಎನ್ನಬಹುದು. ಅದನ್ನು ಮುಖ ಸಣ್ಣದು ಮಾಡಿಕೊಳ್ಳದೆ ಕೇಳಿಸಿಕೊಳ್ಳುವ ಅಭ್ಯಾಸ ಬೇಕು (ವಯಸ್ಸಾದವರಿಗೆ ಇದೇ ಕಷ್ಟದ ಪಾಠವೆಂದು ನನ್ನ ಅಂದಾಜು). ಅರ್ಧ ಬರೆದ ಹಾಳೆಯನ್ನು ಎತ್ತಿಡಬೇಕಿಲ್ಲದ ಮೇಜೊಂದನ್ನು ಮನೆಯಲ್ಲಿ ನಿಮಗಾಗಿಯೇ ಬಿಡಿಸಿಕೊಳ್ಳಿ. ಸಾಫ್ಟ್‌ವೇರ್‌ ವಿಷಯದಲ್ಲಿ ಸಹಪಾಠಿಗಳನ್ನು ಸಂಕೋಚವಿಲ್ಲದೆ ಕೇಳಿ.

ಒಳಾಂಗಣ ವಿನ್ಯಾಸವಷ್ಟೇ ನಿಮ್ಮ ಗುರಿಯಾಗಿದ್ದರೆ ಇಷ್ಟು ವರ್ಷ ವ್ಯಯಿಸುವ ಅಗತ್ಯವಿಲ್ಲ. ಆರ್ಕಿಟೆಕ್ಟ್ ಎಂದು ಫಲಕ ಹಾಕಿಕೊಳ್ಳಬೇಕೆಂದರೆ ಮಾತ್ರ 1972ರ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಕಡ್ಡಾಯ. ಆದ್ದರಿಂದ ನೀವು ಸೇರಲಿರುವ ಕಾಲೇಜಿಗೆ ಆ ಮಂಡಳಿಯ ಮಾನ್ಯತೆ ಇದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಪರಿಶೀಲಿಸಿ.