ಅಂಗಳದ ಕೊಕ್ಕರೆಗೆ ಹಿಡಿದ ತುಕ್ಕು

ನಮ್ಮ ಬಸವನಗುಡಿ ಮನೆಯ ಅಂಗಳದಲ್ಲಿ ಒಂದು ಕಬ್ಬಿಣದ ಕೊಕ್ಕರೆ ನಿಂತಿದೆ. ಕೊರೋನಾ ಶುರುವಾದ 2020ರ ಮಾರ್ಚ್‌ನಿಂದ ಅದರ ಕಡೆ ನಾನು ಸರಿಯಾಗಿ ನೋಡೇ ಇರಲಿಲ್ಲ. 2021ರ ಏಪ್ರಿಲ್, ಮೇನಲ್ಲಂತೂ ಆಂಬುಲೆನ್ಸ್ ಸದ್ದಿಗೆ ಹೆದರಿ ಬಾಗಿಲು ಹಾಕಿಕೊಂಡೇ ಇದ್ದೆವು. ಆ ವರ್ಷ ಜುಲೈ 5ರಿಂದ ದೇವಸ್ಥಾನಗಳೂ ತೆರೆದವು. ಭಾನುವಾರ ಬರ್ತೀನಿ ಅಂದಳು ತಂಗಿ. ಒಳಗೆ ಬೇಡ, ಅಂಗಳದಲ್ಲೇ ಕೂರೋಣ ಅಂತ ಮಾತಾಡಿಕೊಂಡೆವು.

ಗುಡಿಸೋಕೆ ಬಗ್ಗಿದಾಗ ಕೊಕ್ಕರೆಯ ಕಾಲು ಕಣ್ಣಿಗೆ ಬಿತ್ತು. ಮಣ್ಣಿಗೆ ತಾಗುವ ಕಡೆ ತುಕ್ಕು ಪದರ ಪದರವಾಗಿ ಎದ್ದಿತ್ತು. ಉಗುರು ತಾಗಿಸಿದರೆ ಹಪ್ಪಳದ ಚೂರಿನ ಹಾಗೆ ಉದುರುತ್ತಿತ್ತು. ರೆಕ್ಕೆಯ ಮೇಲೆ ಮಾತ್ರ ತೆಳುವಾದ ಕಂದು ಬಣ್ಣ, ನೋಡೋಕೆ ಚೆಂದ.

ಆ ಕಂದು ಬಣ್ಣವನ್ನು ನಾನು ಕೆದಕಲಿಲ್ಲ. ನೀರು ನಿಲ್ಲದ ಕಡೆ ತುಕ್ಕು ನಿಧಾನ. ಚಿಂತೆ ಮಾಡಬೇಕಾದ್ದು ಕಾಲಿನ ಬಗ್ಗೆ. ಕಬ್ಬಿಣದ ತುಕ್ಕು ಉದುರಿದ ಹಾಗೆಲ್ಲ ಒಳಗಿನ ಲೋಹಕ್ಕೆ ಮತ್ತೆ ನೀರು, ಗಾಳಿ ತಾಗುತ್ತೆ, ಅದೂ ತುಕ್ಕಾಗುತ್ತೆ. ಹಾಗಾಗಿ ಸಡಿಲವಾದದ್ದನ್ನೆಲ್ಲ ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಆಮೇಲೆ ಉಪ್ಪು ಕಾಗದ ಹಾಕಿ. ಹಳೇ ಪೇಂಟ್ ಇದ್ದರೆ ಒಣಗಿದ್ದಾಗ ಉಜ್ಜಲೇಬೇಡಿ. ಅದರಲ್ಲಿ ಸೀಸ ಇರಬಹುದು, ನೀರು ಚಿಮುಕಿಸಿಕೊಂಡು ಉಜ್ಜಿ. ಮಕ್ಕಳು ಹತ್ತಿರ ಬರಬಾರದು. ಎನ್95 ಮಾಸ್ಕ್ ಹಾಕಿಕೊಳ್ಳಿ. ಒರೆಸಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಅದೇ ದಿನ ರೆಡ್ ಆಕ್ಸೈಡ್ (ಪೇಂಟ್‌ಗೂ ಮೊದಲು ಹಚ್ಚುವ, ತುಕ್ಕು ತಡೆಯುವ ಪ್ರೈಮರ್) ಬಳಿಯಿರಿ. ನಮ್ಮ ಬೆಂಗಳೂರಿನ ಜುಲೈ ತುಂತುರಿಗೆ ಬರಿ ಕಬ್ಬಿಣ ಒಂದು ರಾತ್ರಿ ಬಿಟ್ಟರೂ ಕೆಂಪಾಗುತ್ತೆ. ರೆಡ್ ಆಕ್ಸೈಡ್ ಒಣಗಿದ ಮೇಲೆ ಎನಾಮೆಲ್ ಪೇಂಟ್ ಎರಡು ಕೋಟ್.

ಬಣ್ಣಕ್ಕಿಂತ ಮುಖ್ಯವಾದದ್ದು ನಿಲ್ಲಿಸುವ ಜಾಗ. ಮಣ್ಣು ತಾಗದಿರಲಿ ಅಂತ ನಾನು ಕಾಲಡಿಗೆ ಕಡಪ ಕಲ್ಲಿನ ತುಂಡು ಇಟ್ಟೆ. ಬೊಂಬೆಯ ಒಳಗೆ ಪೊಳ್ಳಿದ್ದರೆ ನೀರು ಇಳಿದುಹೋಗಲು ಕೆಳಗೆ ಸಣ್ಣ ತೂತು ಬೇಕು, ಇಲ್ಲದಿದ್ದರೆ ಒಳಗಿಂದಲೇ ಕೊಳೆಯುತ್ತೆ.

ಹಿತ್ತಾಳೆಯ ಕಥೆ ಬೇರೆ. ನಮ್ಮ ಪಾರಿಜಾತದ ಕೊಂಬೆಯಲ್ಲಿ ಅಮ್ಮನ ಕಾಲದ ಗಂಟೆ ತೂಗುತ್ತಿದೆ. ಅದಕ್ಕೆ ಗಟ್ಟಿಯಾಗಿ ಕೂತಿರುವ ಕಂದು ಬಣ್ಣ ಒಳಗಿನ ಲೋಹವನ್ನು ಕಾಯುತ್ತೆ. ಹೊರಗೆ ತೂಗುವುದಕ್ಕೆ ಪ್ರತಿ ವಾರ ಹುಣಸೆಹಣ್ಣು ತಿಕ್ಕಬೇಕಾಗಿಲ್ಲ. ಪುಡಿಪುಡಿ ಹಸಿರು ಕಿಲುಬು ಕಂಡಲ್ಲಿ ಮಾತ್ರ ಹುಣಸೆಹಣ್ಣು, ಉಪ್ಪು ಹಚ್ಚಿ ಎರಡು ನಿಮಿಷಕ್ಕೇ ತೊಳೆದುಬಿಡಿ. ಹುಳಿ ಉಳಿದರೆ ಕಿಲುಬು ಮತ್ತೆ ಬೇಗ ಬರುತ್ತೆ. ಗಂಟೆಯನ್ನು ಕಬ್ಬಿಣದ ತಂತಿಯಲ್ಲಿ ಕಟ್ಟಬೇಡಿ, ಎರಡೂ ಒದ್ದೆಯಾದರೆ ತಂತಿ ಬೇಗ ಸವೆಯುತ್ತೆ. ನಾನು ನೈಲಾನ್ ಹಗ್ಗ ಕಟ್ಟಿದ್ದೇನೆ.

ಕುರ್ಚಿ ಎರಡನ್ನೂ ಒರೆಸಿ, ಮಧ್ಯೆ ಆರು ಅಡಿ ಬಿಟ್ಟು ಹಾಕಿದೆ. ಇಬ್ಬರಿಗೂ ಲಸಿಕೆ ಆಗಿತ್ತು. ಆದರೂ ಮಾಸ್ಕ್ ತೆಗೆಯುವುದು ಕಾಫಿ ಕುಡಿಯುವಾಗ ಮಾತ್ರ ಅಂತ ತಂಗಿಯೇ ಹೇಳಿದಳು. ಆಗ ರಾತ್ರಿ ಒಂಬತ್ತಕ್ಕೆ ಕರ್ಫ್ಯೂ ಇತ್ತಲ್ವಾ, ನಾಲ್ಕಕ್ಕೆ ಬಂದು ಏಳಕ್ಕೆ ಹೊರಡುವುದು ಅಂತ ಮಾತಾಗಿತ್ತು. ಗೇಟು ದಾಟಿದ ತಕ್ಷಣ ಆ ಗಂಟೆ ಬಾರಿಸುವುದು ಚಿಕ್ಕಂದಿನಿಂದ ಅವಳ ರೂಢಿ.