ನಾಲ್ಕೂಕಾಲರಿಂದ ಆರೂಮುಕ್ಕಾಲರವರೆಗೆ ಮನೆಯಲ್ಲಿ ಮಗಳೊಬ್ಬಳೇ

ಎರಡು ವರ್ಷದ ಹಿಂದೆ ಜೂನ್‌ನಲ್ಲಿ ನಮ್ಮತ್ತೆ ಊರಿಗೆ ಹೊರಟರು. ನಾದಿನಿಯ ಬಾಣಂತನ ಮಾಡಬೇಕಿತ್ತು. ಆಮೇಲೂ ಅಲ್ಲೇ ಇರುತ್ತೇನೆ, ಪೇಟೆ ಸಾಕಾಗಿದೆ ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಅವರು ಬಸ್ಸು ಹತ್ತಿದ ಸಂಜೆಯೇ ನನಗೆ ಒಂದು ಲೆಕ್ಕ ಎದುರಾಯಿತು. ಮಕ್ಕಳ ಸ್ಕೂಲ್ ವ್ಯಾನು ಮಂಡ್ಯದ ಸ್ವರ್ಣಸಂದ್ರದಲ್ಲಿರುವ ನಮ್ಮ ಮನೆ ಮುಂದೆ ನಿಲ್ಲುವುದು ನಾಲ್ಕೂಕಾಲಿಗೆ. ನಾನು ಮೈಸೂರಿನಲ್ಲಿ ಕೆಲಸ ಮುಗಿಸಿ, ರೈಲು ಹಿಡಿದು ಮನೆ ಸೇರುವುದು ಆರೂಮುಕ್ಕಾಲಿಗೆ. ಯಜಮಾನರಿಗೆ ಬೆಂಗಳೂರಿನಲ್ಲಿ ಕೆಲಸ, ಶನಿವಾರ ರಾತ್ರಿ ಬಂದು ಸೋಮವಾರ ಬೆಳಗ್ಗೆ ಹೋಗುತ್ತಾರೆ. ಮಧ್ಯೆ ಉಳಿದ ಎರಡೂವರೆ ಗಂಟೆಗೆ ಮನೆಯಲ್ಲಿ ದೊಡ್ಡವರು ಯಾರೂ ಇಲ್ಲ. ಆಗ ಮಗಳಿಗೆ 10 ವರ್ಷ, ಮಗನಿಗೆ 6.

ಮೊದಲು ನಾನೂ ಎಲ್ಲರ ಹಾಗೆ ವಯಸ್ಸನ್ನೇ ಕೇಳುತ್ತಾ ಹೋದೆ. ಎಷ್ಟು ವರ್ಷಕ್ಕೆ ಬಿಡಬಹುದು? ಆಫೀಸಿನಲ್ಲಿ ಒಬ್ಬರು ಹನ್ನೆರಡು ಅಂದರು. ರೈಲಿನಲ್ಲಿ ದಿನಾ ಜೊತೆಗೆ ಬರುವ ಅಕ್ಕ ಒಬ್ಬರು, ಹೆಣ್ಣುಮಗುವನ್ನು ಮದುವೆ ಆಗೋವರೆಗೂ ಬಿಡಬಾರದು ಅಂದುಬಿಟ್ಟರು. ಪರಿಚಯದ ವಕೀಲರನ್ನೂ ಕೇಳಿದೆ. ಇಷ್ಟು ವರ್ಷ ತುಂಬಿದರೆ ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡಬಹುದು ಅಂತ ನಮ್ಮ ಕಾನೂನಿನಲ್ಲಿ ಬರೆದಿಲ್ಲ. 12 ವರ್ಷದೊಳಗಿನ ಮಗುವನ್ನು ಪೂರ್ತಿ ಕೈಬಿಡುವ ಉದ್ದೇಶದಿಂದ ಎಲ್ಲಾದರೂ ಬಿಟ್ಟು ಹೋದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 93ನೇ ಸೆಕ್ಷನ್ನಿನಲ್ಲಿ ಶಿಕ್ಷೆ ಇದೆ. ಬೇಕಂತಲೇ ನಿರ್ಲಕ್ಷ್ಯ ಮಾಡಿ ಮಗುವನ್ನು ಕಷ್ಟಕ್ಕೆ ತಳ್ಳಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ. ಸಂಜೆ ಎರಡು ಗಂಟೆ ಬಿಟ್ಟು ಹೋಗುವ ತಾಯಿಗೆ ಹೂಂ ಅಥವಾ ಬೇಡ ಅಂತ ಹೇಳುವ ಸಾಲು ಮಾತ್ರ ಎರಡರಲ್ಲೂ ಇಲ್ಲ. ಅಂದರೆ ನಿರ್ಧಾರ ನನ್ನದೇ.

ಅತ್ತೆಗೆ ಫೋನ್ ಮಾಡಿದರೆ ಅವರಿಗೆ ಇದು ದೊಡ್ಡ ವಿಷಯವೇ ಅಲ್ಲ. "ನಿನ್ ಗಂಡ ಐದ್ ವರ್ಸದೋನಿದ್ದಾಗ ನಾನು ನಾಟಿಗೆ ಹೋಯ್ತಿದ್ದೆ ಕಣವ್ವ. ಅವ್ನೊಬ್ನೇ ಬಾಗ್ಲಲ್ಲಿ ಕೂತಿರ್ತಿದ್ದ. ಏನಾಯ್ತು ಅವ್ನ್ಗೆ?" ಈ ಮಾತನ್ನು ನಾನು ತುಂಬ ದಿನ ತಲೆಯಲ್ಲಿ ಇಟ್ಟುಕೊಂಡಿದ್ದೆ. ಅವರು ಹೇಳಿದ್ದು ನಿಜ. ಆದರೆ ಆ ಹುಡುಗ ಒಬ್ಬನೇ ಇರಲಿಲ್ಲ, ಅಲ್ವಾ? ಎದುರು ಜಗುಲಿಯಲ್ಲಿ ಎಲೆಯಡಿಕೆ ಹಾಕುತ್ತಾ ಕೂತ ಅಜ್ಜಿ ಇದ್ದರು. ಬೀದಿಯ ಎಲ್ಲ ಬಾಗಿಲೂ ತೆರೆದೇ ಇರುತ್ತಿದ್ದವು. ಹಸಿವಾದರೆ ಯಾರ ಮನೆಗೆ ಬೇಕಾದರೂ ನುಗ್ಗಬಹುದಿತ್ತು. ನಮ್ಮ ಬೀದಿಯಲ್ಲಿ ಎಲ್ಲ ಮನೆಗೂ ಗ್ರಿಲ್ ಗೇಟು, ಗೇಟಿಗೆ ಬೀಗ. ಒಳಗೆ ಮಗು ಬಿದ್ದರೂ ಪಕ್ಕದವರಿಗೆ ಕೇಳುವುದು ಟಿವಿ ಸದ್ದು ಮಾತ್ರ. ಹಾಗಾಗಿ ನಾನು ಮೊದಲು ಮಾಡಿದ ಕೆಲಸ ಮಗಳಿಗೆ ಕಲಿಸುವುದಲ್ಲ, ಪಕ್ಕದ ಮನೆ ಆಂಟಿಯ ಹತ್ತಿರ ಹೋಗಿ ಕೂತು ಬಾಯಿಬಿಟ್ಟು ಕೇಳಿದ್ದು. "ನಾಲ್ಕೂಕಾಲಿಗೆ ವ್ಯಾನು ಬಂತಾ ಅಂತ ಒಂದು ಸಲ ಇಣುಕಿ ನೋಡ್ತೀರಾ?" ಅವರು ಒಪ್ಪಿದರು. ನಮ್ಮ ಮನೆಯ ಒಂದು ಬೀಗದಕೈ ಅವತ್ತಿನಿಂದ ಅವರ ದೇವರ ಮನೆಯಲ್ಲಿದೆ.

ಅಲ್ಲಿಂದ ನಾಲ್ಕು ತಿಂಗಳು ಮಕ್ಕಳು ಸಂಜೆ ಟ್ಯೂಷನ್ ಮಿಸ್ ಮನೆಯಲ್ಲಿ ಇರುತ್ತಿದ್ದರು. ಆ ನಾಲ್ಕು ತಿಂಗಳಲ್ಲಿ, ನಾನು ಮನೆಯಲ್ಲಿರುವ ಶನಿವಾರ, ಭಾನುವಾರಗಳಲ್ಲಿ, ಮಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಬಂದೆ. ಮೊದಲು ಹತ್ತು ನಿಮಿಷ, ಮೂಲೆ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರುವಷ್ಟು ಹೊತ್ತು. ಆಮೇಲೆ ಅರ್ಧ ಗಂಟೆ. ಆಮೇಲೆ ಮಾರ್ಕೆಟ್ಟಿಗೆ ಹೋಗಿ ಬರುವ ಒಂದು ಗಂಟೆ. ಪ್ರತಿ ಸಲ ಹೊರಡುವ ಮುಂಚೆ ಒಂದೇ ಪ್ರಶ್ನೆ ಕೇಳುತ್ತಿದ್ದೆ, "ಇರ್ತೀಯಾ? ಬೇಡ ಅಂದ್ರೆ ಬೇಡ." ಎರಡು ಸಲ ಅವಳು ಬೇಡ ಅಂದಳು. ಒಂದು ಸಲ ಮಳೆ, ಗುಡುಗು. ಇನ್ನೊಂದು ಸಲ ಕಾರಣ ಹೇಳಲಿಲ್ಲ. ಎರಡು ಸಲವೂ ಕರೆದುಕೊಂಡೇ ಹೋದೆ. ಬೇಡ ಅನ್ನುವ ಅವಕಾಶ ಇದೆ ಅಂತ ಗೊತ್ತಿದ್ದರೇ ಮಗು ಹೇಳುವ ಹೂಂ ನಂಬಬಹುದು.

ಎಲ್ಲ ಚೆನ್ನಾಗಿ ನಡೆಯುತ್ತಿದೆ ಅಂದುಕೊಂಡೆ. ಹೇಳಿದ ಮಾತು ಕೇಳುತ್ತಾಳೆ, ಬಾಗಿಲು ತೆಗೆಯಲ್ಲ, ಹೋಂವರ್ಕ್ ಮುಗಿಸಿರುತ್ತಾಳೆ. ಗಣೇಶನ ಹಬ್ಬದ ಹಿಂದಿನ ಭಾನುವಾರ ಸಾಮಾನು ತಂದು ಒಳಗೆ ಬಂದರೆ ಒಲೆ ಫಳಫಳ ಹೊಳೆಯುತ್ತಿತ್ತು. ನಾನು ಬಿಟ್ಟು ಹೋದಾಗ ಹಾಗಿರಲಿಲ್ಲ. ಬರ್ನರ್ ತೂತುಗಳಲ್ಲಿ ಕಂದು ಬಣ್ಣದ ಹಾಲಿನ ಕರೆ. ಫ್ರಿಜ್ಜಿನಲ್ಲಿ ಒಂದು ಪ್ಯಾಕೆಟ್ ಕಮ್ಮಿ.

"ಹಾಲು ಉಕ್ಕಿತಾ?" ಅಂದೆ. "ಇಲ್ಲ" ಅಂದಳು.

ಕೇಳುತ್ತಾ ಕೇಳುತ್ತಾ ಹೊರಬಂತು. ಹಾಲಿಟ್ಟು ಟಿವಿ ನೋಡಲು ಹೋಗಿದ್ದಾಳೆ. ಹಾಲು ಉಕ್ಕಿ ಬೆಂಕಿ ಆರಿದೆ. ನಾಬ್ ತೆರೆದೇ ಇದೆ. ವಾಸನೆ ಬಂದ ಮೇಲೆ ಓಡಿ ಬಂದು ನಾಬ್ ತಿರುಗಿಸಿದ್ದಾಳೆ. ಕಿಟಕಿ ತೆಗೆದಿಲ್ಲ. ಕಿಟಕಿ ತೆಗೆದರೆ ಆಂಟಿಗೆ ವಾಸನೆ ಹೋಗುತ್ತದೆ, ಆಂಟಿ ನನಗೆ ಹೇಳುತ್ತಾರೆ ಅಂತ. ಆ ವಾಸನೆಯಲ್ಲೇ ನಿಂತು ಒಲೆ ತಿಕ್ಕಿದ್ದಾಳೆ. ನಾನು ರೇಗಿದೆ. ಫೋನ್ ಯಾಕೆ ಮಾಡಲಿಲ್ಲ ಅಂತ ಕೂಗಿದೆ. ಅಳುತ್ತಾ ಹೇಳಿದಳು, "ಮಾಡಿದ್ರೆ ಹಿಂಗೇ ಬೈತೀಯಲ್ಲ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗ್ಯಾಸಿಗಿಂತ ಜಾಸ್ತಿ ಅವಳು ನನ್ನ ಬಾಯಿಗೆ ಹೆದರಿದ್ದಳು. ಒಂಟಿಯಾಗಿರುವ ಮಗುವಿಗೆ ಇರುವ ದೊಡ್ಡ ಆಸರೆ ಫೋನಿನ ಈ ತುದಿಯಲ್ಲಿರುವ ನಾನು. ಆ ಆಸರೆಯನ್ನೇ ನಾನು ಕೆಡಿಸಿದ್ದೆ. ಹಿಂದಿನ ತಿಂಗಳು ಛತ್ರಿ ಕಳೆದು ಫೋನ್ ಮಾಡಿದಾಗ, ಆಫೀಸಿನಿಂದಲೇ ಹೇಗೆ ಬೈದಿದ್ದೆ ಅನ್ನುವುದೂ ನೆನಪಾಯಿತು. ಮಗಳು ತಯಾರಾಗಿದ್ದಾಳಾ ಅಂತ ಮೂರು ತಿಂಗಳು ನೋಡುತ್ತಿದ್ದೆ. ನಾನು ತಯಾರಾಗಿರಲಿಲ್ಲ.

ಒಂದು ತಿಂಗಳು ಎಲ್ಲ ನಿಲ್ಲಿಸಿದೆ. ಇಬ್ಬರೂ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತೆವು. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗದೆ ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ ಅಂತ ಹೇಳಿದೆ. ವಾಸನೆ ಬಂದರೆ ಲೈಟು, ಫ್ಯಾನು ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ಅಲ್ಲಿ ಸಣ್ಣ ಕಿಡಿ ಹಾರಿದರೂ ಸಾಕು. ರೆಗ್ಯುಲೇಟರ್ ಆಫ್ ಮಾಡು, ಬಾಗಿಲು ಕಿಟಕಿ ತೆಗಿ, ಹೊರಗೆ ಬಾ, ಹೊರಗೆ ನಿಂತು ಫೋನ್ ಮಾಡು. ರೆಗ್ಯುಲೇಟರನ್ನು ಅವಳ ಕೈಯಲ್ಲೇ ಹತ್ತು ಸಲ ತಿರುಗಿಸಿಸಿದೆ. ಇಷ್ಟೆಲ್ಲ ಕಲಿಸಿ, ನಾನಿಲ್ಲದಾಗ ಒಲೆ ಹಚ್ಚುವುದನ್ನೇ ಬೇಡ ಅಂದೆ. ಹಾಲು ಫ್ಲಾಸ್ಕಿನಲ್ಲಿರುತ್ತದೆ, ಚುರುಮುರಿ, ಬಾಳೆಹಣ್ಣು ಡಬ್ಬಿ ಪಕ್ಕದಲ್ಲಿರುತ್ತದೆ. ಕೊನೆಗೆ ಮಾತು ಕೊಟ್ಟೆ. ಆ ಎರಡೂವರೆ ಗಂಟೆಯಲ್ಲಿ ಏನೇ ಆಗಲಿ, ಯಾರ ತಪ್ಪೇ ಇರಲಿ, ಫೋನಿನಲ್ಲಿ ಬೈಯುವುದಿಲ್ಲ. ಮನೆಗೆ ಬಂದ ಮೇಲೂ ಬೈಯುವುದಿಲ್ಲ.

ದಸರಾ ರಜೆ ಕಳೆದ ಮೇಲೆ ಮತ್ತೆ ಶುರು ಮಾಡಿದೆವು. ಒಂದು ಶನಿವಾರ ನಾನು ಹಾಲಹಳ್ಳಿ ಕಡೆ ಯಾರದೋ ಮನೆಗೆ ಹೋಗಿದ್ದೆ. ಫೋನು ಬಂತು. "ಅಮ್ಮ, ಮೋಟರ್ ಹಾಕಿ ಮರೆತುಬಿಟ್ಟೆ. ಟ್ಯಾಂಕ್ ತುಂಬಿ ಬೀದಿಯೆಲ್ಲ ನೀರು. ಆಂಟಿ ಕೂಗ್ತಿದಾರೆ. ಈಗ ಆಫ್ ಮಾಡಿದೀನಿ." ನನಗೆ ಸಿಟ್ಟು ಬಂತು. ಸಂಪಿನ ನೀರು ಅಷ್ಟೂ ಖಾಲಿ. ಉಸಿರು ಎಳೆದುಕೊಂಡು, "ಒಳ್ಳೇದಾಯ್ತು ಹೇಳಿದ್ದು. ಕೈ ಒದ್ದೆ ಇದ್ರೆ ಸ್ವಿಚ್ ಮುಟ್ಟಬೇಡ" ಅಂದೆ. ಅಷ್ಟೇ. ಫೋನಿಟ್ಟ ಮೇಲೆ ನಿರ್ಧಾರ ಮಾಡಿದೆ, ಸೋಮವಾರದಿಂದ ಇವಳನ್ನು ಬಿಡಬಹುದು. ಎಲ್ಲ ಸರಿಯಾಗಿ ಮಾಡಿದ ಯಾವ ವಾರವೂ ನನಗೆ ಅಷ್ಟು ಧೈರ್ಯ ಕೊಟ್ಟಿರಲಿಲ್ಲ. ತಪ್ಪು ಮಾಡಿ ತಾನೇ ಫೋನ್ ಮಾಡಿದ ಆ ದಿನ ಕೊಟ್ಟಿತು.

ಮನೆಯನ್ನೂ ಸಿದ್ಧ ಮಾಡಿದೆ. ಸಂಪಿನ ಮುಚ್ಚಳಕ್ಕೆ ಬೀಗ. ಬಕೆಟ್ಟಿಗೆ ಇಳಿಬಿಡುವ ನೀರು ಕಾಯಿಸುವ ಕಾಯಿಲ್ ಬೀರುವಿನೊಳಗೆ. ಕೀಪ್ಯಾಡ್ ಫೋನೊಂದು ಮನೆಯಲ್ಲೇ. ಬಾಗಿಲ ಹಿಂದೆ ದಪ್ಪ ಅಕ್ಷರದಲ್ಲಿ ನಂಬರುಗಳು: ನನ್ನದು, ಅಪ್ಪಂದು, ಆಂಟೀದು, ತುರ್ತಿಗೆ 112, ಗ್ಯಾಸ್ ಸೋರಿಕೆಗೆ 1906, ಮಕ್ಕಳ ಸಹಾಯವಾಣಿ 1098. ಕೌಂಟರಿನಲ್ಲಿ ಜನ ಇದ್ದಾಗ ನಾನು ಫೋನ್ ಎತ್ತುವುದು ಕಷ್ಟ. ಅದಕ್ಕೆ ಒಂದು ಗುರುತು ಮಾಡಿಕೊಂಡೆವು. ಎರಡು ರಿಂಗ್ ಕೊಟ್ಟು ಕಟ್ ಮಾಡಿ ಮತ್ತೆ ಮಾಡಿದರೆ, ಎಂಥ ಕೆಲಸ ಇದ್ದರೂ ಎತ್ತುತ್ತೇನೆ. ಎರಡು ವರ್ಷದಲ್ಲಿ ಮೂರು ಸಲ ಮಾತ್ರ ಹಾಗೆ ಮಾಡಿದ್ದಾಳೆ.

ಒಳಗಿನ ಬೋಲ್ಟು ನನಗೆ ಹೊಳೆದೇ ಇರಲಿಲ್ಲ. ಒಂದು ಸಂಜೆ ಬೋಲ್ಟು ಹಾಕಿಕೊಂಡು ಮಲಗಿ ನಿದ್ದೆ ಹೋಗಿದ್ದಳು. ಬೀಗದಕೈ ಇದ್ದೂ ಇಪ್ಪತ್ತು ನಿಮಿಷ ಬಾಗಿಲು ಬಡಿದೆ. ಆ ಇಪ್ಪತ್ತು ನಿಮಿಷ ಏನೇನು ಯೋಚನೆ ಬಂತು ಅಂತ ಬರೆಯಲಾರೆ. ಈಗ ಹೊರಗಿನಿಂದಲೂ ಕೀಲಿಯಲ್ಲಿ ತೆಗೆಯುವ ಲಾಕು ಮಾತ್ರ, ಬೋಲ್ಟು ಇಲ್ಲ.

ಬಾಗಿಲ ವಿಷಯದಲ್ಲಿ ನೆಂಟರಿಂದಲೂ ಮಾತು ಕೇಳಬೇಕಾಯಿತು. ಗೊತ್ತಿಲ್ಲದವರಿಗೆ ಬಾಗಿಲು ತೆಗೆಯಬೇಡ ಅಂತ ಎಲ್ಲರೂ ಹೇಳುತ್ತಾರೆ. ನಾನು ಗೊತ್ತಿರುವವರಿಗೂ ಬೇಡ ಅಂದಿದ್ದೆ. ಮಕ್ಕಳಿಗೆ ಕೆಟ್ಟದ್ದು ಮಾಡುವವರು ಜಾಸ್ತಿ ಪರಿಚಯದವರೇ ಆಗಿರುತ್ತಾರೆ. ಯಾರನ್ನು ನಂಬಬೇಕು ಅನ್ನುವ ಲೆಕ್ಕವನ್ನು ಹತ್ತು ವರ್ಷದ ಮಗುವಿನ ತಲೆ ಮೇಲೆ ಹಾಕಬಾರದು. ಯಾರಿಗೂ ಇಲ್ಲ ಅಂದರೆ ಅವಳಿಗೂ ಸುಲಭ. ಒಂದು ಸಂಜೆ ನಮ್ಮ ಕಡೆಯ ಚಿಕ್ಕಪ್ಪ ಒಬ್ಬರು ಊರಿಂದ ಚೀಲದ ತುಂಬ ಅವರೆಕಾಯಿ ಹೊತ್ತು ಬಂದರು. ಮಗಳು ಗ್ರಿಲ್ಲಿನ ಸಂದಿಯಿಂದ ಲೋಟದಲ್ಲಿ ನೀರು ಕೊಟ್ಟಳು. "ಅಮ್ಮ ಬರೋವರೆಗೂ ತೆಗೆಯಂಗಿಲ್ಲ ತಾತ, ಆಂಟಿ ಮನೇಲಿ ಕೂತ್ಕೊಳಿ" ಅಂದಳು, ನನಗೂ ಫೋನ್ ಮಾಡಿದಳು. ಅವರಿಗೆ ಬೇಜಾರಾಯಿತು, ಮನೆ ಬಾಗಿಲಿಂದ ನಿಲ್ಲಿಸಿ ಕಳಿಸಿದರು ಅಂತ ಊರಲ್ಲೂ ಹೇಳಿದರು. ನಾನು ಹಬ್ಬಕ್ಕೆ ಹೋದಾಗ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ನಿಯಮ ಮಾತ್ರ ಬದಲಿಸಲಿಲ್ಲ. ಮಗಳೆದುರಿಗೇ ಕೇಳಿದ್ದು, ಅವಳ ತಪ್ಪೇನಿಲ್ಲ, ನಾನು ಹೇಳಿದ್ದು ಅಂತ.

ಮನೆಯ ಹೊರಗೆ ನನಗಿರುವ ಭಯ ನಾಲೆಯದು. ಮಂಡ್ಯ ಜಿಲ್ಲೆಯ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಆರ್‌ಎಸ್‌ನಿಂದ ಬರುವ ವಿಶ್ವೇಶ್ವರಯ್ಯ ನಾಲೆಗೆ ನೀರನ್ನು ಕಟ್ಟು ಪದ್ಧತಿಯಲ್ಲಿ ಬಿಡುತ್ತಾರೆ, ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ. ಹೋದ ವಾರ ಮಕ್ಕಳು ಇಳಿದು ಆಡಿದ ಜಾಗದಲ್ಲಿ ಈ ವಾರ ಆಳುದ್ದ ನೀರು ಓಡುತ್ತಿರುತ್ತದೆ. ಕಾಂಕ್ರೀಟ್ ಹಾಕಿದ ಇಳಿಜಾರು ದಂಡೆಯಲ್ಲಿ ಪಾಚಿ ಕಟ್ಟಿದರೆ ದೊಡ್ಡವರಿಗೂ ಹತ್ತಲು ಆಗಲ್ಲ. ಹೊರಗೆ ಆಡಬೇಕು ಅನಿಸಿದರೆ ಆಂಟಿ ಮನೆ ಕಾಂಪೌಂಡ್ ಮಾತ್ರ, ಯಾರು ಕರೆದರೂ ನಾಲೆ ಕಡೆ ಇಲ್ಲ. ಇದರಲ್ಲಿ ಚರ್ಚೆಯೇ ಇಲ್ಲ ಅಂತ ಹೇಳಿಟ್ಟಿದ್ದೇನೆ.

ಇಷ್ಟಾದರೂ ಮಗನನ್ನು ಅವಳ ಜೊತೆ ಬಿಡಲಿಲ್ಲ. ಇದನ್ನು ಒತ್ತಿ ಹೇಳಬೇಕು. ತನ್ನನ್ನು ತಾನು ನೋಡಿಕೊಳ್ಳುವ ಮಗು ತಮ್ಮನನ್ನೂ ನೋಡಿಕೊಳ್ಳುತ್ತದೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ, ಅದರಲ್ಲೂ ಹೆಣ್ಣುಮಗು ಆದರೆ. ಒಂದು ಭಾನುವಾರ ಅರ್ಧ ಗಂಟೆ ಇಬ್ಬರನ್ನೂ ಬಿಟ್ಟು ನೋಡಿದ್ದೆ. ವಾಪಸ್ ಬಂದಾಗ ಅವನು ಬೀರುವಿನ ಮೇಲೆ ಹತ್ತಿದ್ದ, ಇವಳು ಕೆಳಗೆ ನಿಂತು ಕೈ ಚಾಚಿ ಅಳುತ್ತಿದ್ದಳು. "ಅವನು ನನ್ ಮಾತು ಕೇಳಲ್ಲ ಅಮ್ಮ. ಅವನು ಬಿದ್ರೆ ನಾನೇ ಬೀಳಿಸ್ದಂಗೆ ಆಗುತ್ತೆ" ಅಂದಳು. ಹತ್ತು ವರ್ಷದವಳು ಹೊರುವ ಭಾರ ಅಲ್ಲ ಅದು. ಅವನು ಇವತ್ತಿಗೂ ಸಂಜೆ ಟ್ಯೂಷನ್ ಮಿಸ್ ಮನೆಯಲ್ಲಿರುತ್ತಾನೆ. ತಿಂಗಳಿಗೆ ಅಷ್ಟು ದುಡ್ಡು ಹೋಗುತ್ತದೆ, ಹೋಗಲಿ.

ಹೋದ ವರ್ಷ ಒಂದು ಸಂಜೆ ರೈಲು ಬ್ಯಾಡರಹಳ್ಳಿ ಹತ್ತಿರ ನಿಂತುಬಿಟ್ಟಿತು. ಏಳು ಗಂಟೆ ದಾಟಿತು. ನನ್ನ ಫೋನಿನಲ್ಲಿ ಚಾರ್ಜ್ ಮುಗಿದಿತ್ತು. ಪಕ್ಕದವರ ಫೋನ್ ಕೇಳಿ ಮಾಡಿದರೆ ಮನೆಯಲ್ಲಿ ಯಾರೂ ಎತ್ತುತ್ತಿಲ್ಲ. ಎಂಟಕ್ಕೆ ಮಂಡ್ಯದಲ್ಲಿ ಇಳಿದು ಆಟೋ ಹತ್ತಿ ಬಂದರೆ ಮನೆಗೆ ಬೀಗ, ಬಾಗಿಲಿಗೆ ಚೀಟಿ: "ಆಂಟಿ ಮನೇಲಿ ಇದೀವಿ. ತಮ್ಮನೂ ಇದಾನೆ. 7 ಗಂಟೆ ಆಯ್ತು ಅದಕ್ಕೆ." ಏಳು ದಾಟಿದರೆ ಆಂಟಿ ಮನೆಗೆ ಹೋಗಬೇಕು ಅನ್ನುವುದು ನಮ್ಮ ಮೊದಲ ದಿನದ ಮಾತು. ತಮ್ಮನನ್ನು ಕರೆತರುವುದು ಆ ಮಾತಿನಲ್ಲಿ ಇರಲಿಲ್ಲ. ಆಂಟಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಅವಳೇ ಕರೆತಂದಿದ್ದಳು.

ಈಗ ಅವಳಿಗೆ 12. ಒಲೆ ಹಚ್ಚಬಹುದು, ಪಕ್ಕದಲ್ಲೇ ನಿಂತಿರಬೇಕು. ಸುಟ್ಟರೆ ಪೇಸ್ಟು ಮೆತ್ತಬಾರದು, 20 ನಿಮಿಷ ನಲ್ಲಿ ನೀರು ಅಂತ ಗೊತ್ತು. ರಾತ್ರಿ ಒಬ್ಬಳನ್ನೇ ಬಿಡುವ ಯೋಚನೆ ನನಗಿಲ್ಲ, ಅವಳಿಗೂ ಇಲ್ಲ.

ಮಗನಿಗೆ 8 ಆಯಿತು. "ನಂಗ್ ಯಾವಾಗ?" ಅಂತ ದಿನಾ ಕೇಳುತ್ತಾನೆ. ಹೋದ ಶನಿವಾರ ಹತ್ತು ನಿಮಿಷ ಬಿಟ್ಟು ಮೂಲೆ ಅಂಗಡಿಗೆ ಹೋದೆ. ಬಂದರೆ ಬಾಗಿಲು ಹಾರು ಹೊಡೆದಿದೆ, ಅವನು ಗೇಟಿನ ಹತ್ತಿರ ಕೂತಿದ್ದಾನೆ. "ಬಾಗಿಲು ತೆಗ್ದುಬಿಟ್ಟೆ ಅಮ್ಮ. ನಾಯಿಮರಿ ಅಳ್ತಿತ್ತು" ಅಂತ ನಾನು ಕೇಳುವ ಮೊದಲೇ ಹೇಳಿದ. ಹೇಳಿದ್ದಕ್ಕೆ ತಲೆ ಸವರಿದೆ. ಅವನಿಗೆ ಸದ್ಯಕ್ಕೆ ಹತ್ತು ನಿಮಿಷವೇ. ಈ ಶನಿವಾರ ಮತ್ತೆ ಕೊತ್ತಂಬರಿ ಸೊಪ್ಪು ತರಲು ಹೋಗುತ್ತೇನೆ.