ಸರ್ವರ್ ಎರಡಾದಾಗ ಲಾಗಿನ್ ಕಳೆಯದಂತೆ ನೋಡಿಕೊಳ್ಳುವುದು ಹೇಗೆ?

ಬಸವನಗುಡಿಯ ಒಂದು ಸೀರೆ ಅಂಗಡಿ ಎಂದುಕೊಳ್ಳಿ. ಗೌರಿ ಹಬ್ಬ ಹತ್ತಿರ ಬಂದಿದೆ, ವೆಬ್‌ಸೈಟಿಗೆ ಗಿರಾಕಿಗಳು ಜಾಸ್ತಿ. ಒಂದು ಸರ್ವರ್ ಸಾಲದೆಂದು ಇನ್ನೊಂದನ್ನು ಸೇರಿಸುತ್ತಾರೆ. ಅವತ್ತೇ ಫೋನ್ ಶುರು: 'ಮೂರು ಸೀರೆ ಆರಿಸಿಟ್ಟಿದ್ದೆ, ಕಾರ್ಟ್ ಖಾಲಿ ಆಗಿದೆ. ಮತ್ತೆ ಲಾಗಿನ್ ಕೇಳ್ತಿದೆ.'

ಕಾರಣ ಸರಳ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ಎಚ್‌ಟಿಟಿಪಿ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಲಾಗಿನ್ ಆದವರ ವಿವರವನ್ನು (ಇದೇ ಸೆಷನ್) ಸರ್ವರ್ ತನ್ನಲ್ಲಿ ಇಟ್ಟುಕೊಂಡು, ಬ್ರೌಸರಿಗೆ ಒಂದು ಗುರುತಿನ ಸಂಖ್ಯೆಯನ್ನು ಕುಕೀಯಲ್ಲಿ (ಬ್ರೌಸರ್ ಪ್ರತಿ ಸಲ ವಾಪಸ್ ತೋರಿಸುವ ಸಣ್ಣ ಚೀಟಿ) ಕೊಡುತ್ತದೆ. ಜಾವಾ ವೆಬ್‌ಸೈಟ್ ನಡೆಸುವ ಟಾಮ್‌ಕ್ಯಾಟ್ ಸರ್ವರಿನಲ್ಲಿ ಆ ಕುಕೀಯ ಹೆಸರು ಜೆಸೆಷನ್‌ಐಡಿ. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟು ಟೋಕನ್ ತಗೊಂಡ ಹಾಗೆ. ಅದೇ ಟೋಕನ್ ಹಿಡಿದು ಪಕ್ಕದ ಸ್ಟ್ಯಾಂಡಿಗೆ ಹೋದರೆ ಚಪ್ಪಲಿ ಸಿಗುವುದಿಲ್ಲ, ಅಲ್ವಾ?

ಮೊದಲು ಸೆಷನ್ನಿನಲ್ಲಿ ಏನೇನು ತುಂಬಿದ್ದೀರಿ ಎಂದು ನೋಡಿ. ಬಳಕೆದಾರರ ಐಡಿ, ಅವರಿಗಿರುವ ಅನುಮತಿ, ಇಂಥ ನಾಲ್ಕೈದು ಸಣ್ಣ ವಿಷಯ ಸಾಕು. ಹುಡುಕಾಟದ ಫಲಿತಾಂಶ, ದೊಡ್ಡ ಪಟ್ಟಿಗಳು ಇದ್ದರೆ ತೆಗೆಯಿರಿ. ಕಾರ್ಟ್ ಇರಬೇಕಾದ್ದು ಡೇಟಾಬೇಸಿನಲ್ಲಿ. ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋದವರು ಆಮೇಲೆ ಪ್ರತಿ ಹಂತದಲ್ಲೂ ಒದ್ದಾಡುತ್ತಾರೆ.

ಇವತ್ತು ಸಂಜೆಯೊಳಗೆ ಫೋನ್ ನಿಲ್ಲಬೇಕು ಎಂದರೆ ಸ್ಟಿಕಿ ಸೆಷನ್ ಹಾಕಿ. ಅಂದರೆ, ಒಬ್ಬ ಗಿರಾಕಿಯನ್ನು ಲೋಡ್ ಬ್ಯಾಲೆನ್ಸರ್ (ಬಂದವರನ್ನು ಸರ್ವರ್‌ಗಳಿಗೆ ಹಂಚುವ ಪ್ರೋಗ್ರಾಂ) ಪ್ರತಿ ಸಲವೂ ಒಂದೇ ಸರ್ವರಿಗೆ ಕಳಿಸುತ್ತದೆ. ಎಚ್‌ಎ‌ಪ್ರಾಕ್ಸಿ ಎಂಬ ಲೋಡ್ ಬ್ಯಾಲೆನ್ಸರಿನಲ್ಲಿ ಇದಕ್ಕೆ ಕುಕೀ ಸೇರಿಸುವ ಸೌಲಭ್ಯ ಇದೆ, ಅದನ್ನೇ ಬಳಸಿ. ಎಂಜಿನ್‌ಎಕ್ಸ್‌ನ ಐಪಿ ಹ್ಯಾಶ್ (ಗಿರಾಕಿಯ ಐಪಿ ವಿಳಾಸ ನೋಡಿ ಸರ್ವರ್ ಆರಿಸುವುದು) ಸುಲಭ ಎನಿಸಬಹುದು, ಆದರೆ ನಮ್ಮ ಊರಿನ ಮೊಬೈಲ್ ಗಿರಾಕಿಗಳಿಗೆ ಅದು ಹೊಂದುವುದಿಲ್ಲ. ಮೊಬೈಲ್ ಕಂಪನಿಗಳು ಎಷ್ಟೋ ಜನರನ್ನು ಒಂದೇ ಐಪಿ ವಿಳಾಸದ ಹಿಂದೆ ಇಡುತ್ತವೆ. ಅವರೆಲ್ಲ ಒಂದೇ ಸರ್ವರಿನ ಮೇಲೆ ಬೀಳುತ್ತಾರೆ. ಇನ್ನು ಮನೆಯ ವೈಫೈನಲ್ಲಿ ಸೀರೆ ನೋಡುತ್ತಿದ್ದವರು ಜಯನಗರದಲ್ಲಿ ಮೆಟ್ರೊ ಹತ್ತುವ ಹೊತ್ತಿಗೆ ಅವರ ವಿಳಾಸವೇ ಬದಲಾಗಿರುತ್ತದೆ.

ಆದರೆ ಸ್ಟಿಕಿ ಬರೀ ಪ್ರಥಮ ಚಿಕಿತ್ಸೆ. ಆ ಸರ್ವರ್ ಕೆಟ್ಟು ನಿಂತರೆ ಅದರಲ್ಲಿದ್ದವರೆಲ್ಲ ಮತ್ತೆ ಲಾಗಿನ್ ಆಗಬೇಕು.

ಸರ್ವರ್‌ಗಳು ತಮ್ಮತಮ್ಮಲ್ಲೇ ಸೆಷನ್ ನಕಲು ಮಾಡಿಕೊಳ್ಳುವ ದಾರಿಯೂ ಇದೆ. ಟಾಮ್‌ಕ್ಯಾಟ್‌ನ ಡೆಲ್ಟಾ ಮ್ಯಾನೇಜರ್ ಎಲ್ಲರ ಸೆಷನ್ನನ್ನೂ ಎಲ್ಲ ಸರ್ವರಿಗೂ ಕಳಿಸುತ್ತದೆ. ಎರಡು ಮೂರು ಸರ್ವರ್ ಇದ್ದಾಗ ಚೆನ್ನ, ಹೆಚ್ಚಾದಂತೆ ನಕಲು ಮಾಡುವ ಕೆಲಸವೇ ಹೊರೆ. ಅವು ಒಂದನ್ನೊಂದು ಹುಡುಕಲು ಬಳಸುವ ಮಲ್ಟಿಕಾಸ್ಟ್ (ಒಮ್ಮೆಗೇ ಹಲವರಿಗೆ ಸಂದೇಶ ಕಳಿಸುವ ವಿಧಾನ) ಬಹಳಷ್ಟು ಕ್ಲೌಡ್ ನೆಟ್‌ವರ್ಕ್‌ಗಳಲ್ಲಿ ಸುಮ್ನೆ ಹಾಗೇ ನಡೆಯುವುದೂ ಇಲ್ಲ.

ನನ್ನ ಮಟ್ಟಿಗೆ ಸರಿಯಾದ ದಾರಿ, ಸೆಷನ್ನನ್ನು ಆ್ಯಪ್ ಸರ್ವರಿನಿಂದಲೇ ಹೊರಗೆ ತರುವುದು. ರೆಡಿಸ್ ಎಂಬ ಪ್ರತ್ಯೇಕ ಸಂಗ್ರಹದಲ್ಲಿಟ್ಟರೆ ಯಾವ ಸರ್ವರ್ ಬೇಕಾದರೂ ಓದಬಹುದು. ಜಾವಾದಲ್ಲಿ ಸ್ಪ್ರಿಂಗ್ ಸೆಷನ್ ಎಂಬ ಲೈಬ್ರರಿ ಸೇರಿಸಿದರೆ ಇರುವ ಕೋಡಿನಲ್ಲಿ ಬದಲಾವಣೆ ಕಡಿಮೆ. ಸುಮ್ಮನಿದ್ದರೆ 30 ನಿಮಿಷಕ್ಕೆ ಸೆಷನ್ ಮುಗಿಯುವುದು ಟಾಮ್‌ಕ್ಯಾಟ್‌ನಲ್ಲೂ ಇದರಲ್ಲೂ ಒಂದೇ.

ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಪುಟದ ಕ್ಯಾಶ್ (ಬೇಗ ತೋರಿಸಲು ಎತ್ತಿಟ್ಟ ನಕಲು) ಮತ್ತು ಸೆಷನ್ ಎರಡನ್ನೂ ಒಂದೇ ರೆಡಿಸ್‌ಗೆ ತುಂಬಬೇಡಿ. ಜಾಗ ಸಾಲದೇ ಬಂದಾಗ ಹಳೆಯದನ್ನು ಅಳಿಸಲು ಹೇಳಿದ್ದರೆ, ಅದು ಲಾಗಿನ್ ಆಗಿ ಕೂತವರ ಸೆಷನ್ನನ್ನೂ ಅಳಿಸಬಹುದು. ಸೆಷನ್ನಿನಲ್ಲಿ ಜಾವಾ ಆಬ್ಜೆಕ್ಟ್‌ಗಳನ್ನೇ ಇಟ್ಟರೆ, ಹೊಸ ಕೋಡ್ ಹಾಕಿದ ದಿನ ಹಳೆಯ ಸೆಷನ್ ಓದಲಾಗದೆ ಎರರ್ ಬರಬಹುದು. ಸಾದಾ ಅಕ್ಷರ, ಅಂಕಿ ಇಟ್ಟರೆ ಆ ತಲೆನೋವಿಲ್ಲ. ಇನ್ನೊಂದು, ಗಿರಾಕಿ ಎರಡು ಟ್ಯಾಬ್ ತೆರೆದು ಒಟ್ಟಿಗೆ ಎರಡು ಸೀರೆ ಸೇರಿಸಿದರೆ, ಕೊನೆಗೆ ಬರೆದದ್ದು ಮೊದಲಿನದನ್ನು ಅಳಿಸಿಬಿಡಬಹುದು. ಕಾರ್ಟ್ ಡೇಟಾಬೇಸಿನಲ್ಲಿರಲಿ, ಒಂದೊಂದು ಸೀರೆಗೂ ಬೇರೆ ಸಾಲು ಇರಲಿ ಎನ್ನುವುದು ಇದಕ್ಕೇ.

ರೆಡಿಸ್ ಒಂದೇ ಇದ್ದು ಅದೇ ನಿಂತರೆ ಎಲ್ಲರೂ ಹೊರಗೆ! ಹಾಗಾಗಿ ಒಂದು ಪ್ರತಿ, ಜೊತೆಗೆ ಕಾವಲಿಗೆ ಕನಿಷ್ಠ 3 ಸೆಂಟಿನೆಲ್ (ರೆಡಿಸ್ ನಿಂತರೆ ಪ್ರತಿಯನ್ನು ಅದರ ಜಾಗಕ್ಕೆ ತರುವ ಪ್ರೋಗ್ರಾಂ) ಬೇಕು. ಪ್ರತಿಗೆ ನಕಲು ಹೋಗುವುದು ಸ್ವಲ್ಪ ತಡವಾಗಿ. ಕೊನೆಯ ಗಳಿಗೆಯ ಒಂದೆರಡು ಬದಲಾವಣೆ ಕಳೆದುಹೋಗುವ ಸಾಧ್ಯತೆ ಇದ್ದೇ ಇದೆ. ಹಣ ಕಟ್ಟಿದ ವಿವರವನ್ನು ಸೆಷನ್ನಿಗೆ ನಂಬಿ ಬಿಡಬೇಡಿ.

ಕುಕೀಗೆ ಸೆಕ್ಯೂರ್, ಎಚ್‌ಟಿಟಿಪಿಓನ್ಲಿ, ಸೇಮ್‌ಸೈಟ್ ಎಂಬ ಮೂರೂ ರಕ್ಷಣೆಯ ಗುರುತುಗಳನ್ನು ಹಾಕಿ. ಲಾಗಿನ್ ಆದ ಕೂಡಲೇ ಸೆಷನ್ ಐಡಿ ಬದಲಾಗಬೇಕು. ಇಲ್ಲದಿದ್ದರೆ ಮೊದಲೇ ಐಡಿ ಗೊತ್ತಿದ್ದವರು ಗಿರಾಕಿಯ ಹೆಸರಲ್ಲಿ ಒಳಗೆ ಬರಬಹುದು.

ಈಗ ಪರೀಕ್ಷೆ. ಹಬ್ಬದ ಹಿಂದಿನ ದಿನ ಬೇಡ, ಗಿರಾಕಿ ಕಡಿಮೆ ಇರುವ ಬೆಳಗ್ಗೆ ಮಾಡಿ. ಲಾಗಿನ್ ಆಗಿ ಸೀರೆ ಆರಿಸಿ. ನಿಮಗೆ ಉತ್ತರ ಕೊಡುತ್ತಿರುವ ಸರ್ವರನ್ನು ಬಲವಂತವಾಗಿ ನಿಲ್ಲಿಸಿ, ಪುಟ ರಿಫ್ರೆಶ್ ಮಾಡಿ. ಹೆಸರೂ ಕಾರ್ಟೂ ಹಾಗೇ ಇರಬೇಕು. ಆಮೇಲೆ ನಿಲ್ಲಿಸಿದ ಸರ್ವರನ್ನು ಮತ್ತೆ ಶುರು ಮಾಡಿ, ಕುಕೀಯನ್ನು ನಕಲು ಮಾಡಿಟ್ಟುಕೊಂಡು ಲಾಗೌಟ್ ಆಗಿ. ಅದೇ ಹಳೆಯ ಕುಕೀ ಹಿಡಿದು ಎರಡೂ ಸರ್ವರಿಗೆ ನೇರವಾಗಿ ಹೋಗಿ ನೋಡಿ. ಎರಡೂ ಲಾಗಿನ್ ಪುಟವನ್ನೇ ತೋರಿಸಬೇಕು.